ಗಂಟಲಮಾರಿ ಮದ್ದಿಗೆ ಕಾರ್ಖಾನೆ ಕಟ್ಟಿದ ಮಿಲಿಟರಿ ಡಾಕ್ಟರ್: ಇದು ಬೆಹ್ರಿಂಗ್ ಕಥೆ

ಕಾಲಿಗೆ ತುಕ್ಕು ಹಿಡಿದ ಮೊಳೆ ಚುಚ್ಚಿದ್ರೆ ನಮ್ಮಲ್ಲಿ ಯಾರೂ ಯೋಚನೆ ಮಾಡ್ತಾ ಕೂರಲ್ಲ. ಸೀದಾ ಆಸ್ಪತ್ರೆಗೆ ಹೋಗಿ ಟಿಟಿ ಇಂಜೆಕ್ಷನ್ ಹಾಕಿಸ್ಕೊಂಡು ಬಂದು ಮತ್ತೆ ಅಂಗಡಿಯಲ್ಲಿ ಕೂರ್ತಾರೆ. ಮಗುವಿಗೆ ಒಂದೂವರೆ ತಿಂಗಳಾದ್ರೆ ಆಶಾ ಕಾರ್ಯಕರ್ತೆ ಮನೆಗೆ ಬಂದು ಲಸಿಕೆ ದಿನ ನೆನಪಿಸ್ತಾರೆ. ಆ ಲಸಿಕೆಯಲ್ಲಿ ಗಂಟಲಮಾರಿಗೂ ಧನುರ್ವಾಯುವಿಗೂ ರಕ್ಷಣೆ ಇದೆ. ಈ ಎರಡು ಕಾಯಿಲೆಗಳನ್ನು ಗೆಲ್ಲಬಹುದು ಅಂತ ಮೊದಲು ತೋರಿಸಿಕೊಟ್ಟವರಲ್ಲಿ ಒಬ್ಬರು ಜರ್ಮನಿಯ ಮಿಲಿಟರಿ ಡಾಕ್ಟರ್ ಎಮಿಲ್ ಫಾನ್ ಬೆಹ್ರಿಂಗ್.

ಬೆಹ್ರಿಂಗ್ ಹುಟ್ಟಿದ್ದು 1854ರ ಮಾರ್ಚ್ 15ರಂದು, ಆಗಿನ ಪ್ರಷ್ಯಾದ ಹಾನ್ಸ್‌ಡಾರ್ಫ್ ಎಂಬ ಹಳ್ಳಿಯಲ್ಲಿ. ಆ ಊರು ಈಗ ಪೋಲೆಂಡ್‌ನಲ್ಲಿದೆ. ತಂದೆ ಶಾಲಾ ಮೇಷ್ಟ್ರು. ಮನೆಯಲ್ಲಿ ಒಟ್ಟು 13 ಮಕ್ಕಳು. ಮೇಷ್ಟ್ರ ಸಂಬಳದಲ್ಲಿ ಅಷ್ಟು ಹೊಟ್ಟೆ ತುಂಬಿಸೋದೇ ಕಷ್ಟ, ಇನ್ನು ಡಾಕ್ಟರ್ ಓದಿಸೋದು ದೂರದ ಮಾತು. ಹಾಗಾಗಿ ಹುಡುಗ 1874ರಲ್ಲಿ ಬರ್ಲಿನ್‌ನ ಸೇನಾ ವೈದ್ಯಕೀಯ ಕಾಲೇಜು ಸೇರಿದ. ಅಲ್ಲಿ ಫೀಸಿನ ಚಿಂತೆ ಇರಲಿಲ್ಲ. ಆದ್ರೆ ಓದು ಮುಗಿದ ಮೇಲೆ ಕೆಲವು ವರ್ಷ ಸೈನ್ಯದಲ್ಲಿ ಡಾಕ್ಟರ್ ಆಗಿ ದುಡಿಯಲೇಬೇಕು ಅನ್ನೋ ಕರಾರಿತ್ತು.

ಆ ಕರಾರಿನ ಪ್ರಕಾರ ಸಣ್ಣಪುಟ್ಟ ಊರುಗಳ ಸೇನಾ ಠಾಣೆಗಳಲ್ಲಿ ಕೆಲಸ ಮಾಡಿದರು. ಗಾಯ ಕೀವು ಕಟ್ಟೋದು, ನಂಜೇರಿ ಸೈನಿಕರು ಸಾಯೋದು ಅಲ್ಲಿ ದಿನನಿತ್ಯದ ವಿಷಯ. ಗಾಯಕ್ಕೆ ಹಚ್ಚುವ ಅಯೊಡೋಫಾರ್ಮ್ ಎಂಬ ಔಷಧಿಯನ್ನು ಅವರು ಪರೀಕ್ಷೆ ಮಾಡಿ ನೋಡಿದರು. ಅದು ರೋಗಾಣುವನ್ನು ಕೊಲ್ಲದಿದ್ದರೂ ರೋಗಾಣು ಬಿಡುವ ವಿಷವನ್ನು ತಗ್ಗಿಸುತ್ತೆ ಅಂತ ಅವರಿಗೆ ಅನ್ನಿಸಿತು. ವಿಷವನ್ನೇ ಮುರಿದರೆ ರೋಗಿ ಉಳೀತಾನೆ ಅನ್ನೋ ಈ ಯೋಚನೆಯೇ ಮುಂದೆ ಅವರ ಬದುಕನ್ನು ತಿರುಗಿಸಿತು.

1889ರಲ್ಲಿ ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಅವರ ಸಂಸ್ಥೆಗೆ ಸೇರಿದರು. ಕ್ಷಯದ ರೋಗಾಣು ಕಂಡುಹಿಡಿದ ದೊಡ್ಡ ವಿಜ್ಞಾನಿ ಅವರು. ಅಲ್ಲಿ ಜಪಾನಿನ ಕಿಟಾಸಾಟೊ ಶಿಬಾಸಬುರೊ ಜೊತೆಯಾದರು. ಧನುರ್ವಾಯುವಿನ ರೋಗಾಣುವನ್ನು ಬೇರೆ ರೋಗಾಣುಗಳ ಬೆರಕೆಯಿಲ್ಲದೆ ಬೆಳೆಸಿ ತೋರಿಸಿದ್ದು ಇದೇ ಕಿಟಾಸಾಟೊ.

ಇಬ್ಬರೂ ಮಾಡಿದ್ದು ಹೇಳೋಕೆ ಸುಲಭ. ರೋಗಾಣುವಿನ ವಿಷವನ್ನು ಪ್ರಾಣಿಗೆ ಸ್ವಲ್ಪ ಸ್ವಲ್ಪವೇ ಕೊಟ್ಟು ಅಭ್ಯಾಸ ಮಾಡಿಸೋದು. ಆಗ ಪ್ರಾಣಿಯ ರಕ್ತದಲ್ಲೇ ಆ ವಿಷಕ್ಕೆ ಪ್ರತಿವಿಷ ಹುಟ್ಟುತ್ತೆ. ರಕ್ತ ಹೆಪ್ಪುಗಟ್ಟಿದ ಮೇಲೆ ಮೇಲೆ ನಿಲ್ಲುವ ತಿಳಿ ನೀರೇ ಸೀರಮ್. ಅದನ್ನು ತೆಗೆದು ಇನ್ನೊಂದು ಪ್ರಾಣಿಗೆ ಕೊಟ್ಟರೆ ಅದಕ್ಕೂ ರಕ್ಷಣೆ ಸಿಗುತ್ತೆ. 1890ರ ಡಿಸೆಂಬರ್‌ನಲ್ಲಿ ಇಬ್ಬರ ಹೆಸರಲ್ಲೂ ಈ ಶೋಧ ಪ್ರಕಟವಾಯಿತು.

ಗಂಟಲಮಾರಿ ಅಂದ್ರೆ ಆ ಕಾಲದಲ್ಲಿ ತಾಯಂದಿರ ಎದೆ ಒಡೀತಿತ್ತು. ಮಗುವಿನ ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿ, ಉಸಿರು ಸಿಕ್ಕಿಹಾಕಿಕೊಂಡು, ಕಣ್ಣೆದುರೇ ಜೀವ ಹೋಗ್ತಿತ್ತು. ಡಾಕ್ಟರ್‌ಗಳು ಕುತ್ತಿಗೆ ಕೊಯ್ದು ಉಸಿರಿಗೆ ದಾರಿ ಮಾಡ್ತಿದ್ರು. ಆದರೂ ಒಳಗಿನ ವಿಷ ಹೃದಯಕ್ಕೆ ಏರ್ತಿತ್ತು.

ಪ್ರಯೋಗಶಾಲೆಯಲ್ಲಿ ಗೆದ್ದಿದ್ದು ಒಂದು, ಊರೂರಿಗೆ ಮದ್ದು ತಲುಪಿಸೋದು ಇನ್ನೊಂದು. ಬೆಹ್ರಿಂಗ್ ಬೇರೆ ವಿಜ್ಞಾನಿಗಳಿಗಿಂತ ಭಿನ್ನ ಅನ್ನಿಸೋದು ಇಲ್ಲೇ. 1892ರಲ್ಲಿ ಹೆಕ್ಸ್ಟ್ ಎಂಬ ಬಣ್ಣ ತಯಾರಿಸುವ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡರು. ಆದ್ರೆ ಮೊದಮೊದಲ ಸೀರಮ್‌ಗೆ ಶಕ್ತಿ ಸಾಲಲಿಲ್ಲ. ಒಂದು ಸೀಸೆ ಕೆಲಸ ಮಾಡಿದ್ರೆ ಇನ್ನೊಂದು ಮಾಡ್ತಿರಲಿಲ್ಲ. ಇದನ್ನು ಸರಿ ಮಾಡಿದವರು ಪಾಲ್ ಎರ್ಲಿಖ್. ಸೀರಮ್‌ನ ಬಲವನ್ನು ಅಳೆಯೋಕೆ ಒಂದು ಲೆಕ್ಕ ಹಾಕಿಕೊಟ್ಟರು. ಅಂಗಡಿಯವರ ಭಾಷೆಯಲ್ಲಿ ಹೇಳೋದಾದ್ರೆ, ತಕ್ಕಡಿ ಇಲ್ಲದ ಸರಕಿಗೆ ತಕ್ಕಡಿ ತಂದರು.

1894ರಲ್ಲಿ ಸೀರಮ್ ಮಾರುಕಟ್ಟೆಗೆ ಬಂತು. ಅದೇ ವರ್ಷ ಪ್ಯಾರಿಸ್‌ನಲ್ಲಿ ಎಮಿಲ್ ರೂ ಎಂಬ ವಿಜ್ಞಾನಿ ಕುದುರೆಗಳಿಂದ ಸೀರಮ್ ತೆಗೆದು ನೂರಾರು ಮಕ್ಕಳಿಗೆ ಕೊಟ್ಟರು. ಆ ಆಸ್ಪತ್ರೆಯಲ್ಲಿ ಗಂಟಲಮಾರಿ ಬಂದ ಮಕ್ಕಳಲ್ಲಿ ಮೊದಲು ಅರ್ಧದಷ್ಟು ಸಾಯ್ತಿದ್ರು. ಸೀರಮ್ ಬಂದ ಮೇಲೆ ಸಾವು ಸುಮಾರು ಕಾಲು ಭಾಗಕ್ಕೆ ಇಳೀತು.

ದುಡ್ಡು ಬಂತು, ಜೊತೆಗೆ ಮನಸ್ತಾಪವೂ ಬಂತು. ಸೀರಮ್ ಲಾಭದಲ್ಲಿ ಎರ್ಲಿಖ್ ತಮ್ಮ ಪಾಲು ಬಿಟ್ಟುಕೊಟ್ಟರು, ಬೆಹ್ರಿಂಗ್ ಶ್ರೀಮಂತರಾದರು. ತನಗೆ ಮೋಸ ಆಯಿತು ಅನ್ನೋ ಕಹಿ ಎರ್ಲಿಖ್ ಮನಸ್ಸಲ್ಲಿ ಉಳೀತು. 1901ರಲ್ಲಿ ವೈದ್ಯಕೀಯಕ್ಕೆ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ಬಂದಾಗ ಅದು ಬೆಹ್ರಿಂಗ್ ಒಬ್ಬರಿಗೇ ಹೋಯಿತು. ಕಿಟಾಸಾಟೊಗೆ ಸಿಗಲಿಲ್ಲ. ಎರ್ಲಿಖ್‌ಗೆ 1908ರಲ್ಲಿ ಸಿಕ್ಕಿತು. ಪಾಲುದಾರಿಕೆ ವ್ಯಾಪಾರ ಮಾಡಿದವರಿಗೆ ಈ ಕಥೆ ಹೊಸದೇನಲ್ಲ. ಸೇರಿ ದುಡಿದವರು ಲಾಭ ಹಂಚುವ ಹೊತ್ತಿಗೆ ದೂರ ಆಗ್ತಾರೆ.

ಹಾಗಂತ ಬೆಹ್ರಿಂಗ್ ದುಡ್ಡು ಕಟ್ಟಿಕೊಂಡು ಸುಮ್ಮನೆ ಕೂತವರಲ್ಲ. ನೊಬೆಲ್ ಮೊತ್ತ 1,50,782 ಸ್ವೀಡಿಷ್ ಕ್ರೋನರ್. ಅದನ್ನು ಸಂಶೋಧನೆಯ ಕೆಲಸಕ್ಕೇ ತೊಡಗಿಸಿ, 1904ರಲ್ಲಿ ತಾವು ಪ್ರೊಫೆಸರ್ ಆಗಿದ್ದ ಮಾರ್ಬರ್ಗ್ ಊರಲ್ಲಿ ಸ್ವಂತ ಕಾರ್ಖಾನೆ ಶುರು ಮಾಡಿದರು. ಔಷಧಿ ವ್ಯಾಪಾರಿ ಕಾರ್ಲ್ ಸೀಬರ್ಟ್ ಜೊತೆಗಿದ್ದರು. ಜೀವಿಗಳಿಂದಲೇ ಔಷಧಿ ತೆಗೆಯುವ ಈ ಉದ್ಯಮಕ್ಕೆ ಇವತ್ತು ನಾವು ಬಯೋಟೆಕ್ ಅಂತೀವಿ.

ಎಲ್ಲದರಲ್ಲೂ ಗೆದ್ದರು ಅಂತಲೂ ಇಲ್ಲ. ದನಗಳ ಕ್ಷಯಕ್ಕೆ ಲಸಿಕೆ ಮಾಡೋಕೆ ವರ್ಷಗಟ್ಟಲೆ ಹೆಣಗಿದರು, ಅದು ಕೈಗೂಡಲಿಲ್ಲ. ಮಾನಸಿಕ ಖಿನ್ನತೆ ಕಾಡಿ, ಕೆಲಸ ಬಿಟ್ಟು ದೀರ್ಘಕಾಲ ಚಿಕಿತ್ಸಾಲಯದಲ್ಲಿ ಇರಬೇಕಾಯಿತು. ಅಲ್ಲಿಂದ ಎದ್ದು ಬಂದು 1913ರಲ್ಲಿ ಗಂಟಲಮಾರಿ ಬರುವ ಮುಂಚೆಯೇ ತಡೆಯುವ ಲಸಿಕೆಯನ್ನು ಮುಂದಿಟ್ಟರು. ಮರುವರ್ಷ ಮೊದಲ ಮಹಾಯುದ್ಧ ಶುರುವಾಯಿತು. ಮಣ್ಣಿನ ಕಂದಕಗಳಲ್ಲಿ ಗಾಯಗೊಂಡ ಸೈನಿಕರು ಧನುರ್ವಾಯುವಿನಿಂದ ಸಾಯೋದನ್ನು ತಪ್ಪಿಸಿದ್ದು ಅವರದೇ ದಾರಿಯ ಸೀರಮ್. 1917ರ ಮಾರ್ಚ್ 31ರಂದು, ಯುದ್ಧ ಮುಗಿಯುವ ಮುಂಚೆಯೇ, ಮಾರ್ಬರ್ಗ್‌ನಲ್ಲಿ ತೀರಿಕೊಂಡರು. ಆಗ ವಯಸ್ಸು 63.

ನಂತರ ಫ್ರಾನ್ಸ್‌ನ ಗ್ಯಾಸ್ಟನ್ ರಾಮೋನ್ ಇನ್ನೂ ಸುರಕ್ಷಿತವಾದ ಲಸಿಕೆ ಕಂಡುಹಿಡಿದರು. ನಮ್ಮ ಮಕ್ಕಳಿಗೆ ಈಗ ಹಾಕೋದು ಆ ಬಗೆಯದು. ಆದ್ರೆ ಗಂಟಲಮಾರಿ ಬಂದೇಬಿಟ್ಟರೆ ಇವತ್ತಿಗೂ ಬೇಕಾಗೋದು ಕುದುರೆ ರಕ್ತದಿಂದ ತೆಗೆದ ಅದೇ ಸೀರಮ್. ಅದು ಎಲ್ಲ ಆಸ್ಪತ್ರೆಯಲ್ಲೂ ಕೈಗೆ ಸಿಗೋ ಮದ್ದಲ್ಲ, ತಡ ಆದಷ್ಟೂ ಕೆಲಸ ಮಾಡೋದು ಕಡಿಮೆ.

ನಮ್ಮ ರಾಜ್ಯದಲ್ಲಿ ಗಂಟಲಮಾರಿ ಪೂರ್ತಿ ಹೋಗಿಲ್ಲ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಲಸಿಕೆಯನ್ನು ಎಲ್ಲರೂ ನೆನಪಿಟ್ಟುಕೊಂಡು ಹಾಕಿಸ್ತಾರೆ. ಮರೆತುಹೋಗೋದು ಒಂದೂವರೆ ವರ್ಷದ್ದು, ಐದು ವರ್ಷದ್ದು, ಆಮೇಲೆ 10 ಮತ್ತು 16ನೇ ವಯಸ್ಸಿನದ್ದು. ತಾಯಿ ಕಾರ್ಡ್ ಬೀರುವಿನಲ್ಲಿದ್ದರೆ ಇವತ್ತೇ ತೆಗೆದು ನೋಡಿ. ಬಾಕಿ ಇದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ದುಡ್ಡು ಕೊಡಬೇಕಿಲ್ಲ.