ಎಂಬತ್ತರಲ್ಲಿ ಪಕ್ಷ ಕಟ್ಟಿದವರು

ನಮ್ಮದು ವಸಂತನರಸಾಪುರ. ಕೈಗಾರಿಕಾ ಪ್ರದೇಶಕ್ಕೆಂದು ಭೂಮಿ ತೆಗೆದುಕೊಂಡಾಗ ತಾತನ ರಾಗಿ ಹೊಲದಲ್ಲಿ ಅರ್ಧ ಹೋಯಿತು. ಈಗ ಅಲ್ಲೊಂದು ಫ್ಯಾಕ್ಟರಿಯ ಕಾಂಪೌಂಡ್ ಇದೆ. ಬಿಇ ಮುಗಿಸಿ ಅಂಥದ್ದೇ ಫ್ಯಾಕ್ಟರಿಯಲ್ಲಿ ಕೆಲಸ ಹಿಡಿಯುವುದು ನನ್ನ ಆಸೆ. ಹಾಗಾಗಿ ಸರ್ಕಾರದ ಕೈಯಲ್ಲಿ ಎಷ್ಟು ಅಧಿಕಾರ ಇರಬೇಕು ಅನ್ನುವುದು ನಮ್ಮ ಮನೆಯಲ್ಲಿ ಊಟದ ಹೊತ್ತಿನ ಜಗಳ. ಕಾಲೇಜಿನಲ್ಲಿ ಸಂವಿಧಾನದ ಪಾಠ ಓದುವಾಗ ಇದೇ ಜಗಳವನ್ನು ದೇಶದ ಮುಂದಿಟ್ಟ ಹಿರಿಯರೊಬ್ಬರು ಸಿಕ್ಕರು. ಅವರೇ ರಾಜಾಜಿ.

ಚಕ್ರವರ್ತಿ ರಾಜಗೋಪಾಲಾಚಾರಿ ಹುಟ್ಟಿದ್ದು 1878ರಲ್ಲಿ, ನಮ್ಮ ಗಡಿಯಾಚೆಯ ಹೊಸೂರಿನ ಹತ್ತಿರ ತೊರಪಳ್ಳಿಯಲ್ಲಿ. ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಸೇಲಂನಲ್ಲಿ ವಕೀಲರಾದರು, ಗಾಂಧೀಜಿ ಜೊತೆ ಸೇರಿ ಜೈಲಿಗೆ ಹೋದರು. ಮದ್ರಾಸಿನಲ್ಲಿ ಎರಡು ಸಲ ಸರ್ಕಾರ ನಡೆಸಿದರು, 1948ರಿಂದ 50ರವರೆಗೆ ಗವರ್ನರ್ ಜನರಲ್ ಆಗಿದ್ದರು, 1954ರಲ್ಲಿ ಭಾರತರತ್ನ ಬಂತು. ಬೇರೆಯವರಾಗಿದ್ದರೆ ಆಮೇಲೆ ಮನೆಯಲ್ಲಿ ಕೂರುತ್ತಿದ್ದರು.

1959ರಲ್ಲಿ ನಾಗಪುರ ಕಾಂಗ್ರೆಸ್ ಅಧಿವೇಶನ ಸಹಕಾರಿ ಬೇಸಾಯದ ನಿರ್ಣಯ ಮಾಡಿತು. ರೈತನ ಹೊಲ ರೈತನ ಕೈ ತಪ್ಪುತ್ತದೆ ಎಂದು ರಾಜಾಜಿ ಸಿಡಿದೆದ್ದರು. ಎನ್.ಜಿ. ರಂಗಾ, ಮಿನೂ ಮಸಾನಿ ಮುಂತಾದವರೊಡನೆ ಸ್ವತಂತ್ರ ಪಕ್ಷ ಕಟ್ಟಿದರು. ಆಗ ಅವರ ವಯಸ್ಸು ಎಂಬತ್ತು!

ಆ ಕಾಲದ ನಿಯಮ ಇಂದಿನ ಎಂಜಿನಿಯರಿಂಗ್ ವಿದ್ಯಾರ್ಥಿಗೆ ವಿಚಿತ್ರ ಅನ್ನಿಸುತ್ತದೆ. 1951ರ ಕೈಗಾರಿಕಾ ಕಾಯ್ದೆಯಡಿ ದೊಡ್ಡ ಫ್ಯಾಕ್ಟರಿ ತೆರೆಯಲು, ವಿಸ್ತರಿಸಲು, ಹೊಸ ವಸ್ತು ತಯಾರಿಸಲು ದಿಲ್ಲಿಯ ಲೈಸೆನ್ಸ್ ಬೇಕು. ಲೈಸೆನ್ಸಿನಲ್ಲಿ ಬರೆದಿದ್ದಕ್ಕಿಂತ ಹೆಚ್ಚು ಉತ್ಪಾದಿಸಿದರೂ ತಪ್ಪೇ. ಒಪ್ಪಿಗೆ ಕೊಡುವ ಅಧಿಕಾರ ಒಂದೇ ಕಡೆ ಸೇರಿದರೆ, ದುಡ್ಡಿದ್ದವರು ಜಾಣ್ಮೆಯನ್ನು ಯಂತ್ರದ ಮೇಲಲ್ಲ, ಮಂತ್ರಿಗಳ ಬಾಗಿಲಲ್ಲಿ ಖರ್ಚು ಮಾಡುತ್ತಾರೆ, ಆಳುವ ಪಕ್ಷದ ಚುನಾವಣಾ ನಿಧಿಯೂ ಅಲ್ಲಿಂದಲೇ ತುಂಬುತ್ತದೆ ಎಂಬುದು ರಾಜಾಜಿ ವಾದ. ಬರೀ ಬಾಯಿಮಾತಲ್ಲ. 1952ರಲ್ಲಿ ಮದ್ರಾಸಿನ ಮುಖ್ಯಮಂತ್ರಿಯಾಗಿ ಆಹಾರಧಾನ್ಯದ ಮೇಲಿನ ನಿಯಂತ್ರಣವನ್ನು ತೆಗೆದುಹಾಕಿದವರು ಅವರು.

ಹಾಗಂತ ನಾನು ಅವರನ್ನು ಪೂರ್ತಿ ಒಪ್ಪುವುದಿಲ್ಲ. 1937ರಲ್ಲಿ ಪಾನನಿಷೇಧ ತಂದದ್ದು, ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿ ವಿರೋಧಿಸಿದವರನ್ನು ಜೈಲಿಗೆ ಕಳಿಸಿದ್ದು ಇದೇ ರಾಜಾಜಿ ಸರ್ಕಾರ. ಅಧಿಕಾರದ ಒಳಗಿದ್ದಾಗ ಅದರ ಭಾರ ಗೊತ್ತಾಗುವುದಿಲ್ಲವೇನೋ. ಅರವತ್ತರ ದಶಕದಲ್ಲಿ ಹಿಂದಿ ಹೇರಿಕೆಯನ್ನು ಅವರೇ ವಿರೋಧಿಸಿದರು.

ಸ್ವತಂತ್ರ ಪಕ್ಷಕ್ಕೆ ಲೋಕಸಭೆಯಲ್ಲಿ 1962ರಲ್ಲಿ 18 ಸ್ಥಾನ ಬಂದವು, 1967ರಲ್ಲಿ 44. ನಮ್ಮ ಪಕ್ಕದ ಚಿತ್ರದುರ್ಗದಿಂದಲೂ ಜೆ. ಮೊಹಮ್ಮದ್ ಇಮಾಂ ಆ ಪಕ್ಷದಿಂದ ಗೆದ್ದರು. 1971ರಲ್ಲಿ ಎಂಟಕ್ಕೆ ಇಳಿಯಿತು. ಮರುವರ್ಷ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು. ಬಹುತೇಕ ಕೈಗಾರಿಕೆಗಳಿಗೆ ಲೈಸೆನ್ಸ್ ಬೇಡ ಎಂದು ಸರ್ಕಾರ ಹೇಳಿದ್ದು 1991ರಲ್ಲಿ, ಅದೂ ಕಾಂಗ್ರೆಸ್ ಸರ್ಕಾರ.

ಆ ಬಾಗಿಲು ತೆರೆದಿದ್ದರಿಂದಲೇ ನಮ್ಮೂರಿಗೆ ಇಷ್ಟು ಫ್ಯಾಕ್ಟರಿ ಬಂದವು ಎಂದು ತಾತನಿಗೆ ಹೇಳಿದೆ. ತಾತ ಹೊಲದ ವಿಷಯ ಏನಾಯಿತು ಎಂದರು. ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿಯೇ ಉಳಿಯಬೇಕು ಎಂಬುದು ರಾಜಾಜಿ ಪಕ್ಷದ ಹಠವಾಗಿತ್ತು, 1978ರ 44ನೇ ತಿದ್ದುಪಡಿಯಲ್ಲಿ ಅದು ಆ ಪಟ್ಟಿಯಿಂದ ಹೋಯಿತು ಎಂದೆ. ತಾತ ಏನೂ ಹೇಳಲಿಲ್ಲ. ಉಳಿದರ್ಧ ಹೊಲದ ಪಹಣಿ ತೆಗೆಸಿಕೊಂಡು ಬಾ ಎಂದು ದುಡ್ಡು ಕೊಟ್ಟರು.