ರಾಗಿಗೆ ರಾಜಮನ್ನಣೆ ಕೊಡಿಸಿದ ಕಾಗಿನೆಲೆಯ ಕವಿ

ಹಾವೇರಿ: ಅಡುಗೆಯ ಕಲೆಗೂ ಆಹಾರದ ಬರವಣಿಗೆಗೂ ರಾಷ್ಟ್ರಮಟ್ಟದ ಗೌರವ ಸಲ್ಲತೊಡಗಿದ್ದು ಇತ್ತೀಚಿನ ದಶಕಗಳಲ್ಲಿ. ಪಾಕಶಾಸ್ತ್ರದ ಪುಸ್ತಕಗಳಿಂದ ಮನೆಮಾತಾದ ತರ್ಲಾ ದಲಾಲ್ ಅವರಿಗೆ 2007ರಲ್ಲಿ, ಬಾಣಸಿಗ ಇಮ್ತಿಯಾಜ್ ಖುರೇಷಿ ಅವರಿಗೆ 2016ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಆದರೆ ಅಡುಗೆ ಮಾಡಿದವರಿಗಲ್ಲ, ಅನ್ನಕ್ಕೆ ಒದಗುವ ಧಾನ್ಯಕ್ಕೇ ಬಿರುದು ನೀಡುವ ಸಭೆಯೊಂದನ್ನು 16ನೇ ಶತಮಾನದಲ್ಲಿಯೇ ಕನ್ನಡದ ಕವಿಯೊಬ್ಬರು ತಮ್ಮ ಕಾವ್ಯದಲ್ಲಿ ಕಟ್ಟಿದ್ದರು. ಆ ಸಭೆಯಲ್ಲಿ ತೀರ್ಪುಗಾರ ಶ್ರೀರಾಮ, ಬಿರುದು ಪಡೆದದ್ದು ರಾಗಿ. ಕವಿ, ಇಂದಿನ ಹಾವೇರಿ ಜಿಲ್ಲೆಯ ಕನಕದಾಸರು.

ಕನಕದಾಸರ ಜನನ ಬಾಡ ಗ್ರಾಮದಲ್ಲಿ. ಈಗ ಶಿಗ್ಗಾಂವಿ ತಾಲ್ಲೂಕಿಗೆ ಸೇರಿದ ಈ ಊರು ಬಂಕಾಪುರಕ್ಕೆ ಸಮೀಪದಲ್ಲಿದೆ. ಅವರು ಹುಟ್ಟಿದ್ದು 1509ರಲ್ಲಿ ಎಂಬುದು ರೂಢಿಯಲ್ಲಿರುವ ಗಣನೆ. ವಿಜಯನಗರದಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ ವರ್ಷವೂ ಅದೇ. ತಂದೆ ಬೀರಪ್ಪ, ತಾಯಿ ಬಚ್ಚಮ್ಮ. ಮಗುವಿಗೆ ಇಟ್ಟ ಹೆಸರು ತಿಮ್ಮಪ್ಪ. ಕುರುಬ ಸಮುದಾಯದ ಈ ಕುಟುಂಬಕ್ಕೆ ವಿಜಯನಗರದ ಅಧೀನದಲ್ಲಿ ಬಂಕಾಪುರ ಸೀಮೆಯ ನಾಯಕತನವಿತ್ತು. ತಂದೆಯ ನಂತರ ಆ ಹೊಣೆ ತಿಮ್ಮಪ್ಪನಾಯಕರ ಹೆಗಲೇರಿತು.

ನೆಲ ಅಗೆಯುವಾಗ ನಿಕ್ಷೇಪ ದೊರೆಯಿತೆಂದೂ, ಆ ಹೊನ್ನನ್ನು ಜನರ ಹಿತಕ್ಕೆ ವಿನಿಯೋಗಿಸಿದ್ದರಿಂದ ಅವರು ಕನಕನಾಯಕರಾದರೆಂದೂ ಪ್ರತೀತಿ. ಬಾಡದ ಆದಿಕೇಶವನನ್ನು ಕಾಗಿನೆಲೆಗೆ ತಂದು ಪ್ರತಿಷ್ಠಾಪಿಸಿದವರೂ ಅವರೇ ಎಂದು ಜನ ನಂಬುತ್ತಾರೆ. ಮುಂದೆ ಯುದ್ಧವೊಂದರಲ್ಲಿ ತೀವ್ರವಾಗಿ ಗಾಯಗೊಂಡು ಬದುಕಿ ಉಳಿದ ನಾಯಕರು, ಅಧಿಕಾರವನ್ನೂ ಆಯುಧವನ್ನೂ ತ್ಯಜಿಸಿ ದಾಸರಾದರೆಂಬುದು ಪರಂಪರೆಯ ಕಥನ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಅವರ ನೆಲೆಯಾಯಿತು. ಕಾಗಿನೆಲೆಯ ಆದಿಕೇಶವ ಎಂಬುದೇ ಅವರ ಕೀರ್ತನೆಗಳ ಅಂಕಿತವಾಯಿತು.

ವಿಜಯನಗರದ ರಾಜಗುರುವಾಗಿದ್ದ ವ್ಯಾಸರಾಯರು ಕನಕರನ್ನು ಶಿಷ್ಯರನ್ನಾಗಿ ಸ್ವೀಕರಿಸಿದರು. ಇದನ್ನು ಮಠದ ಇತರ ಶಿಷ್ಯರು ಸುಲಭವಾಗಿ ಒಪ್ಪಲಿಲ್ಲವೆಂಬುದಕ್ಕೆ ಹಲವು ಐತಿಹ್ಯಗಳಿವೆ. ಪ್ರಸಿದ್ಧವಾದುದು ಬಾಳೆಹಣ್ಣಿನ ಪ್ರಸಂಗ. ಯಾರೂ ಕಾಣದ ಸ್ಥಳದಲ್ಲಿ ಹಣ್ಣು ತಿಂದು ಬರುವಂತೆ ಗುರುಗಳು ಶಿಷ್ಯರಿಗೆ ಆದೇಶಿಸಿದರು. ಉಳಿದವರೆಲ್ಲ ತಿಂದು ಬಂದರು. ದೇವರ ಕಣ್ಣಿಗೆ ಮರೆಯಾದ ಸ್ಥಳ ಸಿಗಲಿಲ್ಲವೆಂದು ಕನಕರು ಮಾತ್ರ ಹಣ್ಣನ್ನು ಹಾಗೆಯೇ ಮರಳಿ ತಂದರು. ಉಡುಪಿಯಲ್ಲಿ ದರ್ಶನ ನಿರಾಕರಿಸಲ್ಪಟ್ಟ ಕನಕರಿಗಾಗಿ ಗೋಡೆ ಬಿರಿದು ಕೃಷ್ಣನು ಪಶ್ಚಿಮಕ್ಕೆ ತಿರುಗಿದನೆಂಬ ಐತಿಹ್ಯಕ್ಕೆ ಅಲ್ಲಿನ ಕನಕನ ಕಿಂಡಿ ಇಂದಿಗೂ ಸಾಕ್ಷಿಯೆಂಬಂತೆ ಉಳಿದಿದೆ. ಪಂಕ್ತಿಯಲ್ಲಿ ಯಾರಿಗೆ ಸ್ಥಾನ, ಯಾರಿಗೆ ಇಲ್ಲ ಎಂಬ ಪ್ರಶ್ನೆ ಕನಕರ ಬದುಕಿನುದ್ದಕ್ಕೂ ಹಿಂಬಾಲಿಸಿತು.

ಆ ಪ್ರಶ್ನೆಗೆ ಅವರು ಕೊಟ್ಟ ಕಾವ್ಯರೂಪದ ಉತ್ತರವೇ ರಾಮಧಾನ್ಯ ಚರಿತ್ರೆ ಎನ್ನಬಹುದು. ಮೋಹನತರಂಗಿಣಿ, ನಳಚರಿತ್ರೆ, ಹರಿಭಕ್ತಿಸಾರ ಅವರ ಇತರ ಕೃತಿಗಳು. ಮೋಹನತರಂಗಿಣಿಯ ದ್ವಾರಕೆಯಲ್ಲಿ ವಿಜಯನಗರದ ವೈಭವವನ್ನು ಓದುಗರು ಗುರುತಿಸಿದ್ದಾರೆ. ಭಾಮಿನಿ ಷಟ್ಪದಿಯಲ್ಲಿರುವ ರಾಮಧಾನ್ಯ ಚರಿತ್ರೆ ಗಾತ್ರದಲ್ಲಿ ಕಿರಿದು, ಪದ್ಯಗಳ ಸಂಖ್ಯೆ 150ರ ಆಸುಪಾಸು. ರಾಮಾಯಣದ ಮೂಲದಲ್ಲಿ ಇಲ್ಲದ ಈ ಕಥೆಗೆ ಕನಕರು ಆರಿಸಿಕೊಂಡ ನಾಯಕ ರಾಜನಲ್ಲ, ಋಷಿಯಲ್ಲ, ಹೊಲದಲ್ಲಿ ಬೆಳೆದ ಒಂದು ಕಾಳು.

ಲಂಕೆಯಿಂದ ಅಯೋಧ್ಯೆಗೆ ಮರಳುವ ಮಾರ್ಗದಲ್ಲಿ ರಾಮನು ಮುನಿಯ ಆಶ್ರಮದಲ್ಲಿ ತಂಗುತ್ತಾನೆ. ಮುನಿಗಳು ಬಗೆಬಗೆಯ ಭಕ್ಷ್ಯಗಳನ್ನು ನೀಡಿ ಸತ್ಕರಿಸುತ್ತಾರೆ. ಊಟದ ಬಳಿಕ ಇವೆಲ್ಲಕ್ಕೂ ಮೂಲವಾದ ಧಾನ್ಯಗಳನ್ನು ನೋಡುವ ಬಯಕೆ ರಾಮನಿಗೆ. ಗೋಧಿ, ನವಣೆ, ಸಾಮೆ, ಜೋಳ ಮೊದಲಾದವು ಸಭೆಗೆ ಬರುತ್ತವೆ. ಇವುಗಳಲ್ಲಿ ಶ್ರೇಷ್ಠ ಯಾವುದು ಎಂಬ ಪ್ರಶ್ನೆ ಏಳುತ್ತದೆ. ನರೆದಲೆಗ, ಅಂದರೆ ರಾಗಿಯೇ ಶ್ರೇಷ್ಠವೆಂದು ಗೌತಮ ಮುನಿ ಹೇಳಿದಾಗ ವ್ರೀಹಿ, ಅಂದರೆ ಭತ್ತ ಕೆರಳುತ್ತದೆ. ಯಜ್ಞಯಾಗಾದಿಗಳಿಗೆ, ಮದುವೆ ಮುಂಜಿಗಳಿಗೆ, ಅರಮನೆಯ ಊಟಕ್ಕೆ ತಾನೇ ಬೇಕೆಂದು ಸಾರುತ್ತದೆ. ಕೀಳು ಜನರ ಆಹಾರವೆಂದು ರಾಗಿಯನ್ನು ಹೀಗಳೆಯುತ್ತದೆ. ರಾಗಿಯೂ ಸುಮ್ಮನಿರುವುದಿಲ್ಲ. ಮಳೆ ಕೈಕೊಟ್ಟು ಕ್ಷಾಮ ಬಂದಾಗ ಜನರನ್ನು ಸಲಹುವುದು ತಾನು, ಬಡವರನ್ನು ಕಡೆಗಣಿಸಿ ಧನಿಕರನ್ನು ಓಲೈಸುವುದು ಭತ್ತ ಎಂದು ಪ್ರತ್ಯುತ್ತರ ನೀಡುತ್ತದೆ.

ರಾಮನು ತಕ್ಷಣ ತೀರ್ಪು ನೀಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲು ಆಜ್ಞಾಪಿಸುತ್ತಾನೆ. ಅವಧಿ ಮುಗಿದು ಅಯೋಧ್ಯೆಯ ಸಭೆಗೆ ತಂದಾಗ ಭತ್ತ ಸೊರಗಿ ಸತ್ವ ಕಳೆದುಕೊಂಡಿರುತ್ತದೆ, ರಾಗಿ ಕುಂದದೆ ನಿಂತಿರುತ್ತದೆ. ರಾಮನು ತನ್ನದೇ ಹೆಸರಾದ ರಾಘವ ಎಂಬ ಬಿರುದನ್ನು ರಾಗಿಗೆ ದಯಪಾಲಿಸುತ್ತಾನೆ. ಹೀಗೆ ನರೆದಲೆಗ ರಾಮಧಾನ್ಯವಾಗುತ್ತದೆ. ಸೋತ ಭತ್ತವನ್ನೂ ಸಂತೈಸಿ ಕಳುಹಿಸುವುದರಿಂದ ಕಾವ್ಯ ಹಗೆತನದಲ್ಲಿ ಕೊನೆಗೊಳ್ಳುವುದಿಲ್ಲ.

ಇಲ್ಲಿ ಪರೀಕ್ಷೆಗೆ ಒಳಗಾದುದು ರುಚಿಯೂ ಅಲ್ಲ, ಬಣ್ಣವೂ ಅಲ್ಲ, ತಾಳಿಕೆ. ಇದು ಕೇವಲ ಕವಿಕಲ್ಪನೆಯಲ್ಲ, ಬೇಸಾಯದ ಅನುಭವ. ರಾಗಿಗೆ ಹುಳು ಹಿಡಿಯುವುದು ಅಪರೂಪ. ನೆಲದೊಳಗಿನ ಹಗೇವುಗಳಲ್ಲಿ ಅದನ್ನು ವರ್ಷಗಟ್ಟಲೆ ಕೆಡದಂತೆ ಕಾಪಿಡುತ್ತಿದ್ದ ಪದ್ಧತಿ ಕನ್ನಡ ನಾಡಿನಲ್ಲಿತ್ತು. ಬರಗಾಲದಲ್ಲಿ ಹಗೇವು ತೆರೆದರೆ ಊರು ಉಳಿಯುತ್ತಿತ್ತು. ಸೀಮೆಯ ಆಡಳಿತ ನಡೆಸಿದ್ದ ಕನಕರಿಗೆ ಬರದ ವರ್ಷದಲ್ಲಿ ಕಣಜದ ಬೆಲೆ ಏನೆಂಬುದು ತಿಳಿಯದೆ ಇರಲಾರದು. ಭತ್ತ ಮತ್ತು ರಾಗಿಯ ವಾಗ್ವಾದದಲ್ಲಿ ಉಳ್ಳವರು ಮತ್ತು ದುಡಿಯುವವರ ಸಂಘರ್ಷವನ್ನು ವಿಮರ್ಶಕರು ಕಂಡಿರುವುದೂ ಸಹಜವೇ. ಕನಕರ ಸಮಕಾಲೀನರಾದ ಪುರಂದರದಾಸರು ಸಹ ರಾಗಿಯ ಹೆಸರಿನ ಶ್ಲೇಷೆಯನ್ನೇ ಆಧರಿಸಿ ಕೀರ್ತನೆ ರಚಿಸಿದ್ದಾರೆ.

ಗಮನಾರ್ಹ ಸಂಗತಿಯೆಂದರೆ ಕನಕರ ತವರು ರಾಗಿಯ ಸೀಮೆಯೇನಲ್ಲ. ರಾಣೆಬೆನ್ನೂರು, ಹಾವೇರಿ ಭಾಗದ ಬಯಲಿನಲ್ಲಿ ಜೋಳದ ರೊಟ್ಟಿಯೇ ಪ್ರಧಾನ. ಪಶ್ಚಿಮದ ಹಾನಗಲ್, ಶಿಗ್ಗಾಂವಿ ಕಡೆ ಮಲೆನಾಡಿನ ಸೆರಗು, ಅಲ್ಲಿ ಭತ್ತದ ಗದ್ದೆಗಳು. ರಾಗಿಯ ಮುದ್ದೆ ಮುಖ್ಯ ಆಹಾರವಾಗಿರುವುದು ದಕ್ಷಿಣದ ಜಿಲ್ಲೆಗಳಲ್ಲಿ. ಅನ್ನ, ರೊಟ್ಟಿ, ಮುದ್ದೆಗಳ ನಾಡುಗಳ ನಡುವೆ ಸಂಚರಿಸಿದ ದಾಸರು ತಮ್ಮ ಊರಿನ ಬೆಳೆಯನ್ನು ಹೊಗಳಲು ಕಾವ್ಯ ಬರೆಯಲಿಲ್ಲ. ಅವಮಾನಕ್ಕೆ ಗುರಿಯಾದ ಬೆಳೆಯ ಪರ ನಿಂತರು.

ಇಂದು ಬ್ಯಾಡಗಿ ಎಂದೊಡನೆ ದೇಶಕ್ಕೆ ನೆನಪಾಗುವುದು ಮೆಣಸಿನಕಾಯಿ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಆದರೆ ಮೆಣಸಿನಕಾಯಿ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದ ಬೆಳೆ. ಕನಕರ ಬಾಲ್ಯದ ಕಾಲಕ್ಕೆ ಕನ್ನಡಿಗರ ಅಡುಗೆಯ ಖಾರ ಕಾಳುಮೆಣಸಿನದು. ಹೊರಗಿನಿಂದ ಬಂದ ಕಾಯಿ ಊರಿಗೆ ಕೀರ್ತಿ ತಂದಿತು. ಅದೇ ತಾಲ್ಲೂಕಿನ ಕವಿ ಹಾಡಿದ ಕಾಳು ಮಾತ್ರ ಮರ್ಯಾದೆಗಾಗಿ ಬಹಳ ಕಾಲ ಕಾಯಬೇಕಾಯಿತು.

ಸ್ವಾತಂತ್ರ್ಯಾನಂತರ ಅಕ್ಕಿ ಮತ್ತು ಗೋಧಿ ಪಡಿತರದ ಮೂಲಕ ಮನೆಮನೆ ತಲುಪಿದಂತೆ ಕಿರುಧಾನ್ಯಗಳು ಬಡತನದ ಗುರುತಾಗಿ ಹಿಂದೆ ಸರಿದವು. 2018ರಲ್ಲಿ ಕೇಂದ್ರ ಸರ್ಕಾರ ರಾಗಿ, ಜೋಳ, ಸಜ್ಜೆ, ನವಣೆ ಮುಂತಾದವನ್ನು ಪೌಷ್ಟಿಕ ಧಾನ್ಯಗಳೆಂದು ಅಧಿಸೂಚಿಸಿತು. ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂಬ ಅಂಶ ಈಗ ಪಟ್ಟಣದ ಗೃಹಿಣಿಯರಿಗೂ ತಿಳಿದಿದೆ. ಒಂದು ಕಾಲಕ್ಕೆ ಮೂಗು ಮುರಿಯುತ್ತಿದ್ದ ತಾರಾ ಹೋಟೆಲುಗಳ ಊಟದ ಪಟ್ಟಿಯಲ್ಲಿಯೂ ರಾಗಿ ಸ್ಥಾನ ಪಡೆದಿದೆ. ಅದೇ 2023ರ ಜನವರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲಿಯೇ ನಡೆದದ್ದು ಅರ್ಥಪೂರ್ಣ ಕಾಕತಾಳೀಯ.

ಕನಕರ ಹೆಸರಿಗೆ ಗೌರವದ ಕೊರತೆಯಿಲ್ಲ. ಅವರ ಜಯಂತಿಯನ್ನು ಸರ್ಕಾರವೇ ಆಚರಿಸುತ್ತದೆ. 1992ರಲ್ಲಿ ಕಾಗಿನೆಲೆಯಲ್ಲಿ ಕನಕ ಗುರುಪೀಠ ಸ್ಥಾಪನೆಯಾಯಿತು. ಬಾಡದಲ್ಲಿ ಅರಮನೆಯನ್ನು ಪುನರ್‌ನಿರ್ಮಿಸಲಾಗಿದೆ. ಆದರೆ ಅವರು ಓಡಾಡಿದ ಜಿಲ್ಲೆಯ ಹೊಲಗಳಲ್ಲಿ ಇಂದು ಮುಂಗಾರು ಬಂದರೆ ಕಣ್ಣಿಗೆ ತುಂಬಿ ಕಾಣುವುದು ಗೋವಿನಜೋಳ. ಅದರ ಬಹುಪಾಲು ಹೋಗುವುದು ಕೋಳಿ ಮೇವಿಗೆ, ಕಾರ್ಖಾನೆಗೆ. ಪ್ರಶಸ್ತಿ ಪಡೆದ ಕಾಳು ಮತ್ತು ಬೆಲೆ ಪಡೆದ ಕಾಳು ಬೇರೆಬೇರೆಯೇ ಆಗಿವೆ. ರಾಮನ ಸಭೆಯಲ್ಲಿ ಗೆದ್ದ ಧಾನ್ಯ ಮಾರುಕಟ್ಟೆಯಲ್ಲಿಯೂ ಗೆಲ್ಲುವವರೆಗೆ ಕಾಗಿನೆಲೆಯ ಕವಿ ಹೂಡಿದ ಆ ವ್ಯಾಜ್ಯ ಪೂರ್ಣವಾಗಿ ಇತ್ಯರ್ಥವಾದಂತಲ್ಲ.