ಗುಂಗುರು ಕೂದಲಿಗೆ ಗೌರವ ತಂದ ಮೇಡಂ ವಾಕರ್

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡರು. ಶರಣರ ಅಥವಾ ಸ್ವಾತಂತ್ರ್ಯ ಹೋರಾಟಗಾರರ ಹೆಸರನ್ನು ಅವರು ನಿರೀಕ್ಷಿಸಿದ್ದಿರಬಹುದು. ನಾನು ಆರಿಸಿಕೊಂಡದ್ದು ಅಮೆರಿಕದ ಓರ್ವ ಕಪ್ಪು ಮಹಿಳೆಯನ್ನು. ಅದಕ್ಕೆ ಕಾರಣವೊಂದುಂಟು.

ಅನೇಕ ವರ್ಷಗಳ ಹಿಂದೆ, ಗಡಿಭಾಗದ ಬೇರೊಂದು ಶಾಲೆಯಲ್ಲಿ ನಾನು ಶಿಕ್ಷಕನಾಗಿದ್ದಾಗ, ಐದನೆಯ ಇಯತ್ತೆಯಲ್ಲಿ ಓರ್ವ ಬಾಲಕಿಯಿದ್ದಳು. ಅವಳದು ಬಿಗಿಯಾದ ಗುಂಗುರು ಕೂದಲು. ಎಷ್ಟು ಬಾಚಿದರೂ ಎರಡು ಜಡೆಗೆ ಒಗ್ಗುತ್ತಿರಲಿಲ್ಲ. ಪ್ರಾರ್ಥನೆಯ ಸಾಲಿನಿಂದ ನಾನು ಅವಳನ್ನು ಹೊರಗೆ ಕರೆದು, ತಲೆ ಬಾಚದೆ ಶಾಲೆಗೆ ಬರಕೂಡದೆಂದು ಎಲ್ಲರೆದುರು ಗದರಿಸಿದೆ. ಮಕ್ಕಳು ನಕ್ಕರು. ಮರುದಿನ ಅವಳು ಕೂದಲನ್ನು ಬುಡಮಟ್ಟ ಕತ್ತರಿಸಿಕೊಂಡು, ತಲೆಗೆ ವಸ್ತ್ರ ಸುತ್ತಿಕೊಂಡು ಬಂದಳು. ಅದನ್ನು ಶಿಸ್ತಿನ ಜಯವೆಂದೇ ಅಂದು ನಾನು ಭಾವಿಸಿದೆನು. ನಿವೃತ್ತಿಯ ನಂತರ ಮೇಡಂ ವಾಕರ್ ಅವರ ಚರಿತ್ರೆಯನ್ನು ಓದಿದಾಗ ಆ ಮುಖ ಮತ್ತೆ ಕಣ್ಣೆದುರು ನಿಂತಿತು.

ಅವರ ಮೊದಲ ಹೆಸರು ಸಾರಾ ಬ್ರೀಡ್‌ಲವ್. ಲೂಯಿಸಿಯಾನಾ ಸಂಸ್ಥಾನದ ಡೆಲ್ಟಾ ಎಂಬ ಊರಿನ ಹತ್ತಿ ತೋಟದಲ್ಲಿ 1867ರ ಡಿಸೆಂಬರ್ 23ರಂದು ಜನನ. ತಂದೆತಾಯಿಗಳು ಅದೇ ತೋಟದಲ್ಲಿ ಗುಲಾಮರಾಗಿದ್ದವರು. ಗುಲಾಮಗಿರಿ 1865ರಲ್ಲಿ ರದ್ದಾಗಿದ್ದರೂ ಬಡತನ ರದ್ದಾಗಿರಲಿಲ್ಲ. ಏಳನೆಯ ವಯಸ್ಸಿಗೆ ಸಾರಾ ಅನಾಥಳಾದಳು, ಹದಿನಾಲ್ಕಕ್ಕೆ ಮದುವೆಯಾದಳು, ಇಪ್ಪತ್ತು ತುಂಬುವ ಹೊತ್ತಿಗೆ ಎರಡು ವರ್ಷದ ಮಗಳೊಡನೆ ವಿಧವೆಯಾದಳು. ಕ್ಷೌರಿಕ ವೃತ್ತಿಯಲ್ಲಿದ್ದ ಅಣ್ಣಂದಿರನ್ನು ಆಶ್ರಯಿಸಿ ಸೇಂಟ್ ಲೂಯಿಸ್ ನಗರಕ್ಕೆ ಬಂದು, ಪರರ ಬಟ್ಟೆ ಒಗೆದು, ದಿನಕ್ಕೆ ಒಂದೂವರೆ ಡಾಲರಿನಷ್ಟು ಗಳಿಸಿ ಮಗಳನ್ನು ಓದಿಸತೊಡಗಿದಳು.

ಅಲ್ಲಿ ಆಕೆಯ ಕೂದಲು ಉದುರತೊಡಗಿತು. ಅದು ಆಕೆಯೊಬ್ಬಳ ವ್ಯಥೆಯಾಗಿರಲಿಲ್ಲ. ಬಡವರ ಮನೆಗಳಲ್ಲಿ ನಲ್ಲಿಯ ನೀರಿಲ್ಲ, ಸ್ನಾನ ಅಪರೂಪ, ತಲೆಗೂ ಬಟ್ಟೆಗೂ ಒಂದೇ ಕ್ಷಾರದ ಸಾಬೂನು. ಅದರಿಂದ ಹೊಟ್ಟು, ಹುಣ್ಣು, ಕಡೆಗೆ ಬೋಳು. ಬರಗಾಲದಲ್ಲಿ ಟ್ಯಾಂಕರಿನ ದಾರಿ ಕಾಯ್ದ ನಮ್ಮ ಜತ್ತ ತಾಲೂಕಿನ ತಾಯಂದಿರಿಗೆ ಈ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಸಾರಾ ಅನೇಕ ಔಷಧಿಗಳನ್ನು ಪ್ರಯೋಗಿಸಿದಳು. ಕೂದಲಿನ ಉಪಚಾರದ ಉದ್ಯಮವನ್ನು ಮೊದಲೇ ಸ್ಥಾಪಿಸಿದ್ದ ಆನಿ ಟರ್ನ್‌ಬೋ ಎಂಬ ಕಪ್ಪು ಮಹಿಳೆಯ ಪ್ರತಿನಿಧಿಯಾಗಿ ಕೆಲಸ ಕಲಿತಳು. 1905ರಲ್ಲಿ ಡೆನ್ವರ್ ನಗರಕ್ಕೆ ಹೋಗಿ, ಮರುವರ್ಷ ಚಾರ್ಲ್ಸ್ ಜೋಸೆಫ್ ವಾಕರ್ ಅವರನ್ನು ವರಿಸಿ, ಮೇಡಂ ಸಿ. ಜೆ. ವಾಕರ್ ಎಂಬ ಹೆಸರಿನಿಂದ ತನ್ನದೇ ಮುಲಾಮನ್ನು ಮನೆಮನೆಗೆ ಮಾರತೊಡಗಿದಳು. ಪೆಟ್ರೋಲಿಯಂ ಜೆಲ್ಲಿ ಮತ್ತು ಗಂಧಕ ಅದರಲ್ಲಿ ಮುಖ್ಯವಾಗಿದ್ದವು. ಕೊಬ್ಬರಿ ಎಣ್ಣೆಯೂ ಇತ್ತು. ಮುಲಾಮಿಗಿಂತ ಮಿಗಿಲಾದದ್ದು ಅವರು ಕಲಿಸಿದ ಪದ್ಧತಿ: ತಲೆಯ ಚರ್ಮವನ್ನು ಶುಚಿಯಾಗಿಡುವುದು, ಆಗಾಗ ತೊಳೆಯುವುದು, ಮೃದುವಾಗಿ ತಿಕ್ಕುವುದು.

ಆ ಪದ್ಧತಿಯ ಹಿಂದಿನ ತತ್ವ ಸರಳವಾದುದು. ನೆತ್ತಿಯ ಜಿಡ್ಡು ನೆಟ್ಟನೆಯ ಕೂದಲಿನಲ್ಲಿ ತುದಿಯವರೆಗೆ ಸುಲಭವಾಗಿ ಇಳಿಯುತ್ತದೆ. ಬಿಗಿ ಸುರುಳಿಯಲ್ಲಿ ಇಳಿಯದು. ಆದ್ದರಿಂದ ಗುಂಗುರು ಕೂದಲು ಬೇಗನೆ ಒಣಗಿ ಮುರಿಯುತ್ತದೆ. ಅದನ್ನು ಒಣಗಿದಾಗ ಜಗ್ಗಿ ಬಾಚಬಾರದು. ತುಸು ಒದ್ದೆಯಿರುವಾಗ, ಅಗಲ ಹಲ್ಲಿನ ಹಣಿಗೆಯಿಂದ, ತುದಿಯಿಂದ ಮೊದಲುಮಾಡಿ ಬುಡದ ಕಡೆಗೆ ಬಿಡಿಸಬೇಕು. ನಮ್ಮ ಮನೆಗಳ ಕೊಬ್ಬರಿ ಎಣ್ಣೆ, ಔಡಲ ಎಣ್ಣೆ, ಲೋಳೆಸರ, ದಾಸವಾಳದ ಎಲೆಯ ಲೋಳೆ ಇವೆಲ್ಲ ಅದಕ್ಕೆ ಹಿತಕರ. ಸೀಗೆಪುಡಿಯನ್ನು ಮಾತ್ರ ಮಿತವಾಗಿ ಬಳಸಿ, ಬಳಿಕ ಎಣ್ಣೆಯ ಪಸೆ ಕೊಡಬೇಕು. ಇದಾವುದೂ ಅಂದು ನನಗೆ ತಿಳಿದಿರಲಿಲ್ಲ. ತಿಳಿದುಕೊಳ್ಳುವ ಮನಸ್ಸೂ ಇರಲಿಲ್ಲ.

ವಾಕರ್ ಅವರು 1910ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಕಾರ್ಖಾನೆಯನ್ನು ತೆರೆದರು. ಸಾವಿರಾರು ಕಪ್ಪು ಮಹಿಳೆಯರು ಅವರ ಪ್ರತಿನಿಧಿಗಳಾಗಿ, ಪರರ ಮನೆಯ ಚಾಕರಿಯನ್ನು ಬಿಟ್ಟು ಸ್ವಂತ ಸಂಪಾದನೆ ಕಂಡರು. 1912ರಲ್ಲಿ ಕಪ್ಪು ಉದ್ಯಮಿಗಳ ಅಧಿವೇಶನದಲ್ಲಿ ಬೂಕರ್ ಟಿ. ವಾಷಿಂಗ್ಟನ್ ಅವರು ಮಾತನಾಡಲು ಅವಕಾಶ ಕೊಡದಿದ್ದಾಗ, ಇವರು ತಾವಾಗಿಯೇ ಎದ್ದು ನಿಂತು ಹತ್ತಿಯ ಹೊಲದಿಂದ ತಾವು ಬಂದ ದಾರಿಯನ್ನು ಸಭೆಗೆ ತಿಳಿಸಿದರು. ಮರುವರ್ಷ ವಾಷಿಂಗ್ಟನ್ ಅವರೇ ಇವರನ್ನು ವೇದಿಕೆಗೆ ಆಹ್ವಾನಿಸಿದರು. 1917ರಲ್ಲಿ, ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವ ಕ್ರೌರ್ಯದ ವಿರುದ್ಧ ಮನವಿ ಸಲ್ಲಿಸಲು ಶ್ವೇತಭವನಕ್ಕೆ ತೆರಳಿದ ನಿಯೋಗದಲ್ಲಿ ಇವರೂ ಇದ್ದರು. ಅದೇ ಹೋರಾಟಕ್ಕೆ ಐದು ಸಾವಿರ ಡಾಲರ್ ದಾನ ಘೋಷಿಸಿದರು. 1919ರ ಮೇ 25ರಂದು, 51ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಮೇಲೆ ಒಂದು ಆಕ್ಷೇಪವೂ ಉಂಟು. ಮುಲಾಮಿನೊಡನೆ ಕಾಯಿಸಿದ ಬಾಚಣಿಗೆಯೂ ಬಳಕೆಗೆ ಬಂದು, ಕೂದಲನ್ನು ನೆಟ್ಟಗೆ ಮಾಡಿ ಬಿಳಿಯರನ್ನು ಅನುಕರಿಸುವ ಹವ್ಯಾಸ ಬೆಳೆಯಿತೆಂದು ಹಲವರು ದೂರಿದರು. ತಮ್ಮ ಕೆಲಸ ಕೂದಲನ್ನು ಬೆಳೆಸುವುದೇ ಹೊರತು ನೆಟ್ಟಗೆ ಮಾಡುವುದಲ್ಲವೆಂದು ಅವರು ಸಾಧಿಸುತ್ತಿದ್ದರು. ಎರಡೂ ಮಾತುಗಳಲ್ಲಿ ಸತ್ಯಾಂಶವಿದೆಯೆಂದು ನನಗೆ ತೋರುತ್ತದೆ.

ಇಂಥ ಕೂದಲು ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮ ನೆರೆಯ ವಿಜಾಪುರದ ಆದಿಲಶಾಹಿ ದರಬಾರಿನಲ್ಲಿ ಆಫ್ರಿಕ ಮೂಲದ ಹಬಶಿ ಸರದಾರರು ಉನ್ನತ ಪದವಿಗಳಲ್ಲಿದ್ದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ ಭಾಗಗಳಲ್ಲಿ ಆಫ್ರಿಕ ಮೂಲದ ಸಿದ್ದಿ ಬಾಂಧವರು ತಲೆಮಾರುಗಳಿಂದ ನೆಲೆಸಿದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಆ ಮಕ್ಕಳೂ ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿರುವವರೇ.

ನಾನು ಗದರಿಸಿದ ಬಾಲಕಿ ಇಂದು ಯಾವುದೋ ಊರಿನಲ್ಲಿ ತಾಯಿಯೋ ಅಜ್ಜಿಯೋ ಆಗಿರಬೇಕು. ಈ ಸಂಚಿಕೆ ಅವಳ ಕೈಸೇರಿದರೆ, ತಪ್ಪು ಅವಳ ಕೂದಲಿನದಾಗಿರಲಿಲ್ಲ, ಅವಳ ಗುರುವಿನದಾಗಿತ್ತು ಎಂದು ತಿಳಿಯಲಿ. ಐವತ್ತು ತುಂಬಿದ ಈ ಸಂಖದ ಶಾಲೆಯ ಗುರುಬಂಧುಗಳಲ್ಲಿ ನನ್ನ ವಿನಂತಿಯಿಷ್ಟೆ: ಪ್ರಾರ್ಥನೆಯ ಸಾಲಿನಿಂದ ಮಗುವನ್ನು ಹೊರಗೆ ಕರೆಯುವ ಮುನ್ನ, ಅದರ ಮನೆಯಲ್ಲಿ ನೀರಿದೆಯೇ, ಎಣ್ಣೆಯಿದೆಯೇ, ತಲೆ ಬಾಚುವ ಕೈಯಿದೆಯೇ ಎಂದು ಒಮ್ಮೆ ವಿಚಾರಿಸಿರಿ.